ಕೂಲಿಯೋ, ಸುಂಕವೋ?

ಎಚ್.ಡಿ. ಕೋಟೆ ತಾಲೂಕಿನ ನಮ್ಮ ಎನ್. ಬೇಗೂರಿನ ಸುತ್ತಮುತ್ತಲ ಕೃಷಿಕರಿಗೆ ದಲ್ಲಾಳಿ ಹೊಸಬನಲ್ಲ. ದಲ್ಲಾಳಿಯ ಸಂಪಾದನೆ ಇಸ್ಲಾಮಿನಲ್ಲಿ ನಿಷಿದ್ಧವೂ ಅಲ್ಲ. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದಲ್ಲಿ ದಲ್ಲಾಳಿಯ ಕೂಲಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಇಬ್ನ್ ಸೀರೀನ್, ಅತಾ, ಹಸನ್ ಮುಂತಾದ ವಿದ್ವಾಂಸರು ಅದರಲ್ಲಿ ದೋಷ ಕಾಣಲಿಲ್ಲವೆಂದು ಅಲ್ಲಿ ದಾಖಲಿಸಿದ್ದಾರೆ. ಹೀಗಿರುವಾಗ ಗೂಗಲ್ ಮತ್ತು ಆ್ಯಪಲ್ ಕಂಪನಿಗಳು ತಮ್ಮ ಆ್ಯಪ್ ಮಳಿಗೆಗಳಲ್ಲಿ ಕಮಿಷನ್ ಪಡೆಯುತ್ತವೆ ಎಂಬ ಒಂದೇ ಕಾರಣಕ್ಕೆ ಅದನ್ನು ಅನ್ಯಾಯವೆನ್ನಲಾಗದು.

ಈ ಕಂಪನಿಗಳು ದುಡಿಯುವುದೂ ನಿಜ. ಆ್ಯಪ್‌ಗಳನ್ನು ಪರೀಕ್ಷಿಸುತ್ತವೆ, ಹಣ ಪಾವತಿಯ ವ್ಯವಸ್ಥೆ ಮಾಡುತ್ತವೆ, ಹಳ್ಳಿಯ ಯುವಕನ ಕೃತಿಯನ್ನು ಜಗತ್ತಿಗೆ ತಲುಪಿಸುತ್ತವೆ. ಆದರೆ ಅವುಗಳ ಲೆಕ್ಕಾಚಾರವನ್ನು ಗಮನಿಸಿ. ಆ್ಯಪ್ ಮೂಲಕ ಶುಂಠಿ ಮಾರಿದವನು ಮಳಿಗೆಗೆ ಕಮಿಷನ್ ತೆರಬೇಕಿಲ್ಲ. ಅದೇ ಆ್ಯಪ್‌ನೊಳಗೆ 100 ರೂಪಾಯಿಗೆ ಕನ್ನಡ ಪಾಠವೊಂದನ್ನು ಮಾರಿದವನು ಸಾಮಾನ್ಯವಾಗಿ 15 ರೂಪಾಯಿ, ವ್ಯಾಪಾರ ದೊಡ್ಡದಾದರೆ 30 ರೂಪಾಯಿಯವರೆಗೂ ಬಿಟ್ಟುಕೊಡಬೇಕಾಗಿ ಬಂದಿದೆ. ದರ ಶ್ರಮವನ್ನು ಅನುಸರಿಸುತ್ತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಇನ್ನೊಬ್ಬರ ಸಂಪತ್ತನ್ನು ಅನ್ಯಾಯವಾಗಿ ಕಬಳಿಸಬಾರದು, ವ್ಯಾಪಾರವು ಪರಸ್ಪರ ಸಮ್ಮತಿಯಿಂದ ನಡೆಯಬೇಕು ಎಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಬೋಧಿಸುತ್ತದೆ. ಬೇರೆ ದಾರಿಯೇ ಇಲ್ಲದವನು ಕೊಡುವ ಒಪ್ಪಿಗೆಯನ್ನು ಸಮ್ಮತಿ ಎನ್ನಬಹುದೇ? 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗವು, ತನ್ನದೇ ಪಾವತಿ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ್ದಕ್ಕಾಗಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿತು. 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಬೇರೆ ಪಾವತಿ ವ್ಯವಸ್ಥೆಗೆ ಅವಕಾಶ ನೀಡಿದಾಗಲೂ ಕಂಪನಿ ತನ್ನ ಪಾಲಿನಲ್ಲಿ ಕಡಿಮೆ ಮಾಡಿದ್ದು ಶೇ. 4 ಮಾತ್ರ. 2024ರ ಮಾರ್ಚ್ 1ರಂದು ಶುಲ್ಕದ ವಿವಾದದಲ್ಲಿದ್ದ ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಅದು ಮಳಿಗೆಯಿಂದ ತೆಗೆದುಹಾಕಿತು. ಕೇಂದ್ರ ಸರಕಾರ ಮಧ್ಯಪ್ರವೇಶಿಸಿದ ಬಳಿಕ ಅವು ಮರಳಿದವು. ಸಂತೆಯ ಬಾಗಿಲು, ತಕ್ಕಡಿ, ತೀರ್ಪು ಮೂರೂ ಒಬ್ಬನ ಕೈಯಲ್ಲಿದ್ದಾಗ ಕೂಲಿಯು ಸುಂಕವಾಗಿ ಬದಲಾಗುತ್ತದೆ. ಪ್ರವಾದಿ ಮುಹಮ್ಮದ್(ಸ) ಮದೀನಾದಲ್ಲಿ ಮಾರುಕಟ್ಟೆಗೆ ಸ್ಥಳ ಗುರುತಿಸಿ, ಅಲ್ಲಿ ವ್ಯಾಪಾರಿಗಳ ಮೇಲೆ ಸುಂಕ ಹೇರಬಾರದೆಂದರು ಎಂಬ ವರದಿಯಿದೆ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಕಮಿಷನ್ ಹಲಾಲ್, ಆದರೆ ಅದು ಮಾಡಿದ ಕೆಲಸಕ್ಕೆ ತಕ್ಕಂತಿರಬೇಕು, ಮುಂಚಿತವಾಗಿ ತಿಳಿದಿರಬೇಕು, ಒಪ್ಪದವನಿಗೆ ಹೊರಹೋಗುವ ದಾರಿ ತೆರೆದಿರಬೇಕು. ಮೊದಲಿನ ಎರಡು ಷರತ್ತುಗಳ ಬಗ್ಗೆ ಚರ್ಚಿಸಬಹುದು. ಮೂರನೆಯದರಲ್ಲಿ ಈ ಮಳಿಗೆಗಳು ಸೋತಿವೆ.

ಈ ಅಳತೆಗೋಲು ದೂರದ ಕಂಪನಿಗಳಿಗೆ ಮಾತ್ರ ಸೀಮಿತವಲ್ಲ. ಕರ್ನಾಟಕದ ಎಪಿಎಂಸಿ ಕಾನೂನಿನಂತೆ ಕಮಿಷನ್ ಕೊಳ್ಳುವವನ ಹೊಣೆ. ರೈತನಿಂದ ಅದನ್ನು ಕಡಿಯುವಂತಿಲ್ಲ. ಮುಂಗಡ ಸಾಲ ಕೊಟ್ಟು, ಬೆಳೆಯನ್ನು ತನಗೇ ತರಬೇಕೆಂದು ಕಟ್ಟಿಹಾಕಿ, ಬಿಳಿ ಚೀಟಿಯಲ್ಲಿ ಕಮಿಷನ್ ಕಡಿಯುವ ವ್ಯಾಪಾರಿ ನಮ್ಮ ಸಹೋದರನೇ ಆಗಿದ್ದರೂ, ಗೂಗಲ್‌ಗೆ ಕೇಳಿದ ಪ್ರಶ್ನೆಯನ್ನು ಅವನಿಗೂ ಕೇಳಲು ನಾವು ಹಿಂಜರಿಯಬಾರದು.