ರಾಕಿ ನಡೆದ ದಿಬ್ಬದ ಮೇಲೆ ನನ್ನ ಹೆಸರು!

ಚಿತ್ರರಸಿಕ ಮಿತ್ರರೇ, ಮೊದಲೇ ತಪ್ಪೊಪ್ಪಿಕೊಂಡುಬಿಡ್ತೀನಿ. ನಾನು ರಾಬರ್ಟ್‌ಸನ್‌ಪೇಟೆಗೆ ಹೋದದ್ದು ಚಿನ್ನ ನೋಡೋಕಲ್ಲ. ಚರಿತ್ರೆ ತಿಳಿಯೋಕಂತೂ ಅಲ್ಲವೇ ಅಲ್ಲ. 'ಕೆ.ಜಿ.ಎಫ್.' ಚಿತ್ರದಲ್ಲಿ ಕಂಡ ಆ ಬೂದು ದಿಬ್ಬದ ಮೇಲೆ ನಿಂತು ಒಂದು ಫೋಟೋ ತೆಗೆಸ್ಕೋಬೇಕು, ಮೆಚ್ಚಿನ ಹೀರೋ ಹೆಸರಿನ ಕೆಳಗೆ ನನ್ನ ಹೆಸರು ಬರೆದು ಬರಬೇಕು... ಅಷ್ಟೇ ಆಸೆ! 2018ರ ಡಿಸೆಂಬರ್ 21ರಂದು ಮೊದಲ ಭಾಗ ತೆರೆಕಂಡಾಗ ಸೀಟಿ ಹೊಡೆದು ಹೊಡೆದು ಎರಡು ದಿನ ಗಂಟಲು ಕಟ್ಟಿಸಿಕೊಂಡವನು ನಾನು. 2022ರ ಏಪ್ರಿಲ್ 14ರಂದು ಎರಡನೇ ಭಾಗ ಬಂದಾಗಲೂ ಅದೇ ಹಾಡು. ಅಂಥವನಿಗೆ ಈ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವೇನು ಹೇಳಿ?

ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ರೈಲು ಹತ್ತಿದೆ. ಬಂಗಾರಪೇಟೆ ಬಂತು. ಚಿನ್ನದ ಗಣಿಗೆ ಹೋಗುವ ಕವಲು ಹಳಿ ಇಲ್ಲಿಂದಲೇ ಒಡೆಯುತ್ತೆ. ಊರಿನ ಹೆಸರಲ್ಲೇ ಬಂಗಾರ ಇದೆಯಲ್ಲ, ಹಿಂದಿನಿಂದಲೂ ಇದೇ ಹೆಸರಿರಬೇಕು ಅಂದುಕೊಂಡಿದ್ದೆ. ಎದುರು ಸೀಟಿನಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು ನಕ್ಕರು. "ಅಲ್ಲಪ್ಪಾ, ಇದು ಬೌರಿಂಗ್‌ಪೇಟೆ ಆಗಿತ್ತು. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬನ ಹೆಸರು. ಹೋಯ್ತು! ಈಗ ಯಾರಿಗೆ ನೆನಪಿದೆ?" ಅಂದರು. ಒಂದು ಇಡೀ ಊರಿಗೇ ತನ್ನ ಹೆಸರಿಡಿಸಿಕೊಂಡವನ ಗತಿಯೇ ಹೀಗೆ! ಆಗ ಇದು ನನ್ನ ತಲೆಗೆ ಹೋಗಲಿಲ್ಲ. ಸಂಜೆ ವಾಪಸ್ ಬರುವಾಗ ಹೋಯಿತು.

ಊರಿಗಾಂ ನಿಲ್ದಾಣದಲ್ಲಿಳಿದು ರಾಬರ್ಟ್‌ಸನ್‌ಪೇಟೆಗೆ ಬಂದೆ. ಇದೂ ಒಬ್ಬ ಸಾಹೇಬನ ಹೆಸರೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನದು. ಇವನ ಹೆಸರು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿದೆ. ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ಕಿವಿಗೆ ಹಬ್ಬ! ತಮಿಳಿನಲ್ಲಿ ರೇಟು ಕೇಳ್ತಾರೆ, ಕನ್ನಡದಲ್ಲಿ ಚೌಕಾಸಿ ಮಾಡ್ತಾರೆ, ತೆಲುಗಿನಲ್ಲಿ ಜಗಳ ಮುಗಿಸ್ತಾರೆ. ಒಂದೇ ಗೋಡೆ ಮೇಲೆ ಮೂರು ಭಾಷೆಯ ಪೋಸ್ಟರ್. ಟೀ ಅಂಗಡಿಯಲ್ಲಿ ರಾಜಕುಮಾರ್ ದೊಡ್ಡವರೋ ಶಿವಾಜಿ ಗಣೇಶನ್ ದೊಡ್ಡವರೋ ಅಂತ ಇಬ್ಬರು ಮುದುಕರು ವಾದಕ್ಕೆ ಬಿದ್ದಿದ್ದರು. ನಾನು ಬಾಯಿ ಹಾಕಲಿಲ್ಲ. ಊರು ಹೊಸದು ನೋಡಿ!

ಸಿನಿಮಾದ ನರಾಚಿಗೂ ನಿಜವಾದ ಗಣಿಗೂ ಸಂಬಂಧ ಹುಡುಕಬೇಡಿ ಮಿತ್ರರೇ. ಅದು ನಿರ್ದೇಶಕ ಪ್ರಶಾಂತ್ ನೀಲ್ ಕಟ್ಟಿದ ಲೋಕ. ನಿಜವಾದ ಗಣಿಯಲ್ಲಿ ಗರುಡನೂ ಇರಲಿಲ್ಲ, ಅವನ ಕೋಟೆಯೂ ಇರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಬೆಂಗಳೂರು ಪೇಟೆಗಿಂತ ಮೊದಲೇ! 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕೈಗೆ ಬಂತು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟು, 2001ರ ಫೆಬ್ರವರಿ 28ರಂದು ಗಣಿ ಬಾಗಿಲು ಮುಚ್ಚಿತು.

ಆ ಶಾಫ್ಟುಗಳ ಹೆಸರು ಕೇಳಿ: ಗಿಫರ್ಡ್ ಶಾಫ್ಟ್, ಹೀತ್‌ಕೋಟ್ ಶಾಫ್ಟ್, ಎಡ್ಗರ್ ಶಾಫ್ಟ್, ಹೆನ್ರಿ ಶಾಫ್ಟ್. ಎಲ್ಲಾ ದೊರೆಗಳೇ! ಕೆಳಗಿಳಿದು ಬಂಡೆ ಒಡೆದ ಒಬ್ಬನ ಹೆಸರೂ ಯಾವ ಶಾಫ್ಟಿಗೂ ಇದ್ದಂತೆ ನಾನು ಕೇಳಲಿಲ್ಲ.

ದಿಬ್ಬದ ಮೇಲೆ

ಕೊನೆಗೂ ದಿಬ್ಬ ಕಂಡಿತು! ತೆರೆಯ ಮೇಲೆ ಕಂಡದ್ದಕ್ಕಿಂತ ದೊಡ್ಡದು. ಮಳೆನೀರು ಕೊರೆದ ಕೊರಕಲುಗಳು, ಬೂದಿ-ಹಳದಿ ಬಣ್ಣ, ಹುಲ್ಲಿನ ಎಸಳು ಕೂಡ ಅಲ್ಲೊಂದು ಇಲ್ಲೊಂದು. ಇದು ದೇವರು ಮಾಡಿದ ಗುಡ್ಡ ಅಲ್ಲ ಮಿತ್ರರೇ. ಅದುರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಉಳಿದ ರೊಚ್ಚನ್ನು ತಂದು ಸುರಿದು ಸುರಿದು ಆದದ್ದು. ಇಂಥ ದಿಬ್ಬಗಳು ಹದಿಮೂರಿವೆ. ಊರವರ ಬಾಯಲ್ಲಿ ಇದು 'ಸೈನೈಡ್ ದಿಬ್ಬ'.

ನನಗಿಂತ ಮೊದಲೇ ಅಭಿಮಾನಿ ದೇವರುಗಳು ಬಂದು ಹೋಗಿದ್ದರು. ಗಟ್ಟಿ ಮಣ್ಣಿನ ಮೇಲೆ ಎಲ್ಲೆಲ್ಲೂ ಹೆಸರು! ಹೀರೋ ಹೆಸರು, ಊರಿನ ಹೆಸರು, ಬಾಣ ಚುಚ್ಚಿದ ಹೃದಯ. ನಾನೂ ಒಂದು ಕಲ್ಲಿನ ಚೂರು ಹುಡುಕಿ ಕೂತು ಕೆರೆಯತೊಡಗಿದೆ.

ನಮ್ಮ ಹುಡುಗರನ್ನು ಮಾತ್ರ ಬೈಯಬೇಡಿ. ಈ ಹುಚ್ಚು ಎಲ್ಲೆಡೆ ಇದೆ. ಹಾಲಿವುಡ್ಡಿನ ಚೈನೀಸ್ ಥಿಯೇಟರ್ ಅಂಗಳದಲ್ಲಿ 1927ರಿಂದ ತಾರೆಯರು ಹಸಿ ಸಿಮೆಂಟಿನಲ್ಲಿ ಅಂಗೈ ಒತ್ತುತ್ತಾ ಬಂದಿದ್ದಾರೆ. ಅದು ತಾರೆಯರಿಗಾಯಿತು. ನಮ್ಮ ನಿಮ್ಮಂಥ ಬೆಂಚ್ ಟಿಕೆಟ್ ಗಿರಾಕಿಗಳಿಗೆ? ಅದಕ್ಕೂ ದಾರಿ ಹುಡುಕಿದವರುಂಟು. ಅಮೆರಿಕದ ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಅಂತ ದೊಡ್ಡ ಮನರಂಜನಾ ಪಾರ್ಕು ಇದೆಯಲ್ಲ, ಅಲ್ಲಿ 1994ರಲ್ಲಿ ಒಂದು ಯೋಜನೆ ತೆಗೆದರು. ಸುಮಾರು ನೂರು ಡಾಲರ್ ಕೊಡಿ, ಆರು ಮೂಲೆಯ ಇಟ್ಟಿಗೆಯ ಮೇಲೆ ನಿಮ್ಮ ಹೆಸರು ಕೆತ್ತಿ ನಡೆಯೋ ದಾರಿಗೆ ಹಾಸ್ತೀವಿ! ಜನ ಮುಗಿಬಿದ್ದರು. ಮದುವೆಯಾದವರು ಇಬ್ಬರ ಹೆಸರು, ಮಗು ಹುಟ್ಟಿದವರು ಮಗುವಿನ ಹೆಸರು, ತೀರಿಕೊಂಡವರ ನೆನಪಿಗೆ ಅವರ ಹೆಸರು. 1999ರಲ್ಲಿ ಅಲ್ಲಿಯೇ ಎಪ್‌ಕಾಟ್ ಅನ್ನೋ ಪಾರ್ಕಿನ ಬಾಗಿಲಲ್ಲಿ ಎತ್ತರದ ಗ್ರಾನೈಟ್ ಬಂಡೆ ನಿಲ್ಲಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಲೋಹದ ಬಿಲ್ಲೆಯ ಮೇಲೆ ಗಿರಾಕಿಗಳ ಮುಖವನ್ನೇ ಮೂಡಿಸಿ ಅಂಟಿಸಿದರು. 2007ರವರೆಗೆ ಭರ್ಜರಿ ಮಾರಾಟ!

ಆಮೇಲೆ? ಇಟ್ಟಿಗೆ ಅಂದಮೇಲೆ ತುಳಿತಕ್ಕೆ ಸವೆಯುತ್ತೆ, ಬಿಸಿಲು ಮಳೆಗೆ ಬಿರುಕು ಬಿಡುತ್ತೆ. ಬಾಗಿಲು ಅಂದಮೇಲೆ ಹೊಸ ಕಾಲಕ್ಕೆ ಹೊಸ ಅಲಂಕಾರ ಬೇಕಾಗುತ್ತೆ. 2019ರಿಂದ ಆ ದಾರಿಯ ಇಟ್ಟಿಗೆ ಕೀಳತೊಡಗಿದರು. ಅದೇ ವರ್ಷ ಎಪ್‌ಕಾಟಿನ ಬಂಡೆಗಳೂ ಎದ್ದವು. ಮುಖದ ಬಿಲ್ಲೆಗಳನ್ನು ಮಾತ್ರ ಗೇಟಿನ ಹೊರಗೆ ಬೇರೆ ಗೋಡೆ ಕಟ್ಟಿ ಕೂರಿಸಿದರು. ದುಡ್ಡು ಕೊಟ್ಟು ಕೆತ್ತಿಸಿದ ಹೆಸರೇ ಇಪ್ಪತ್ತೈದು ವರ್ಷಕ್ಕೆ ಏಳುವಾಗ, ಕಲ್ಲಿನ ಚೂರಿನಲ್ಲಿ ನಾನು ಕೆರೆದದ್ದಕ್ಕೆ ಎಷ್ಟು ಆಯುಸ್ಸು?

"ಏನ್ ತಂಬಿ, ಸೈನು ಹಾಕ್ತಾ ಇದ್ದೀಯಾ?"

ಬೆಚ್ಚಿ ತಿರುಗಿದೆ. ಕೋಲು ಊರಿಕೊಂಡ ಒಬ್ಬ ಯಜಮಾನರು ಕೆಳಗೆ ನಿಂತಿದ್ದರು. ಮೇಕೆ ಹುಡುಕಿಕೊಂಡು ಬಂದವರು. "ಇಳಿ ಇಳಿ. ಆ ಮಣ್ಣು ಮುಟ್ಟಿದ ಕೈಯಲ್ಲಿ ಏನೂ ತಿನ್ನಬೇಡ. ಬೇಸಿಗೆ ಗಾಳಿ ಬಂದ್ರೆ ಇದೇ ಧೂಳು ನಮ್ಮ ಅನ್ನದ ತಟ್ಟೇಲಿರುತ್ತೆ" ಅಂದರು. ನಾಚಿಕೆಯಿಂದ ಇಳಿದೆ.

"ಬರೆದು ಏನ್ ಮಾಡ್ತೀಯ? ದಿಬ್ಬಾನೇ ಹೊತ್ಕೊಂಡು ಹೋಗ್ತಾರಂತೆ" ಅಂದರು. ಅದು ಸುಳ್ಳಲ್ಲ. ಹದಿಮೂರು ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ. ಅದರಲ್ಲಿ ಇನ್ನೂ ಚಿನ್ನದ ಅಂಶ ಉಳಿದಿದೆ. ಅದನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ನಡೆದರೆ ರಾಕಿ ನಿಂತ ನೆಲವೂ ಹೋಯಿತು, ನನ್ನ ಹೆಸರೂ ಹೋಯಿತು!

"ಬೇಜಾರಾಗಲ್ವಾ ಯಜಮಾನ್ರೇ?"

"ಮಣ್ಣು ಹೋದ್ರೆ ಧೂಳು ಹೋಗುತ್ತೆ, ಹುಡುಗರಿಗೆ ಕೆಲಸ ಸಿಗುತ್ತೆ ಅಂತಾರೆ. ಸಿಗಲಿ. ಆದ್ರೆ ಇದು ನಾವು ಕೆಳಗಿಂದ ಮೇಲೆ ಕಳಿಸಿದ ಕಲ್ಲು ತಂಬಿ. ನನ್ನ ಅಪ್ಪ, ನಾನು, ನನ್ನ ತಮ್ಮ. ನಮ್ಮದು ಅಂತ ತೋರಿಸೋಕೆ ಇಷ್ಟೇ ಇರೋದು."

ಯಜಮಾನರ ಮನೆ

ಟೀ ಕುಡಿಸ್ತೀನಿ ಬಾ ಅಂತ ಲೈನ್ ಮನೆಗೆ ಕರೆದುಕೊಂಡು ಹೋದರು. ಒಂದು ಕೋಣೆ, ಮುಂದೆ ಪುಟ್ಟ ಜಗಲಿ. ಮೊದಲು ಕೈ ತೊಳೆಸಿದರು, ಸೋಪು ಹಾಕಿ ಎರಡು ಸಲ! ಮಾತಿಗೆ ಕೂತರು. ನಡುನಡುವೆ ಕೆಮ್ಮು. ಬಂಡೆ ಕೊರೆಯುವ ಧೂಳು ಶ್ವಾಸಕೋಶದಲ್ಲಿ ಕೂತು ಕೊಟ್ಟ ಉಡುಗೊರೆ. "ಅಪ್ಪನ ಕಾಲದಲ್ಲಿ ಕೂಲಿಗಳೆಲ್ಲ ಹೆಬ್ಬೆಟ್ಟು ಒತ್ತಿ ರಿಜಿಸ್ಟರ್ ಆಗಬೇಕು ಅಂದಿದ್ರು. ಒತ್ತಲ್ಲ ಅಂದ್ರು ಇವರು. ನಾವೇನು ಕಳ್ಳರಾ?" ಅಂದರು. ಅದು 1930ರ ಮುಷ್ಕರ. ಮೂರು ವಾರ ಗಣಿಯ ಕೆಲಸ ನಿಂತಿತ್ತು. ನೋಡಿ ವಿಚಿತ್ರ: ಅಮೆರಿಕದಲ್ಲಿ ಗುರುತು ಬಿಡೋಕೆ ಕೈಯಿಂದ ದುಡ್ಡು ಕೊಟ್ಟರು, ಇಲ್ಲಿ ಗುರುತು ಕೊಡೋಲ್ಲ ಅಂತ ಉಪವಾಸ ಬಿದ್ದರು!

"ನಿಮ್ಮ ತಮ್ಮ?" ಅಂತ ಕೇಳಿದೆ. ಕೇಳಬಾರದಿತ್ತೇನೋ.

ಯಜಮಾನರು ಎದ್ದು ಮಂಚದ ಕೆಳಗಿಂದ ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಸಿಮೆಂಟಿನ ಹೆಂಟೆ ತೆಗೆದರು. ಮೊರದಷ್ಟಗಲ. ಅದರ ಮೇಲೆ ಮೊಳೆಯಲ್ಲಿ ಗೀಚಿದ ತಮಿಳು ಅಕ್ಷರ, ಪಕ್ಕದಲ್ಲಿ 1974. ತಮ್ಮ ಗಣಿ ಕೆಲಸಕ್ಕೆ ಸೇರಿದ ದಿನ ಹೊಸಿಲ ಮುಂದಿನ ಮೆಟ್ಟಿಲಿಗೆ ಹಸಿ ಸಿಮೆಂಟು ಹಾಕಿದ್ದರಂತೆ. ಖುಷಿಯಲ್ಲಿ ಹೆಸರು ಗೀಚಿದ್ದ. ಕೆಲವೇ ವರ್ಷದಲ್ಲಿ ಕೆಳಗೆ ಬಂಡೆ ಸಿಡಿದು ಹೋದ. ತಾಯಿ ಇರುವಷ್ಟು ಕಾಲ ಆ ಮೆಟ್ಟಿಲು ತುಳಿಯದೆ ದಾಟಿ ಬರುತ್ತಿದ್ದಳಂತೆ. ಮುಂದೆ ಚರಂಡಿ ಪೈಪು ಹಾಕೋಕೆ ಮೆಟ್ಟಿಲು ಒಡೆದರು. ಕೂಲಿಯವನ ಕೈ ಹಿಡಿದು ಇಷ್ಟು ಉಳಿಸಿಕೊಂಡೆ ಅಂದರು.

"ಓದು ತಂಬಿ."

ರಜನಿ, ಕಮಲ್ ಚಿತ್ರ ಒಂದೂ ಬಿಡದೆ ನೋಡಿದ್ದೀನಿ. ತಮಿಳು ಡೈಲಾಗು ಬೇಕಾದರೆ ಹೊಡೀತೀನಿ. ಓದೋಕೆ ಬರೋಲ್ಲ! ತಲೆ ತಗ್ಗಿಸಿದೆ. ಯಜಮಾನರು ನನ್ನ ತೋರುಬೆರಳು ಹಿಡಿದು ಆ ಗೀರುಗಳ ಮೇಲೆ ನಿಧಾನವಾಗಿ ಎಳೆಸಿದರು, ಒಂದೊಂದೇ ಅಕ್ಷರ ಹೇಳುತ್ತಾ. ಕೊನೆಗೆ ಪೂರ್ತಿ ಹೆಸರು ನನ್ನ ಬಾಯಲ್ಲಿ ಹೇಳಿಸಿದರು.

"ಪತ್ರಿಕೆಯಲ್ಲಿ ಹಾಕಲಾ?" ಅಂದೆ.

"ಬೇಡ. ಓದಿ ಮುಗಿಸಿ ಬೋಂಡ ಕಟ್ತಾರೆ. ನೀನು ಹೇಳಿದ್ಯಲ್ಲ, ಸಾಕು."

ಅದಕ್ಕೇ ಇಲ್ಲಿ ಬರೆದಿಲ್ಲ ಮಿತ್ರರೇ. ನನಗೆ ಗೊತ್ತು, ಅಷ್ಟೇ.

ನೀವು ಹೋಗುವುದಾದರೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿಯಿರಿ. ದಿಬ್ಬವನ್ನು ದೂರದಿಂದ ನೋಡಿ, ಹತ್ತಬೇಡಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಸಂಜೆ ಬಂಗಾರಪೇಟೆಯಲ್ಲಿಳಿದೆ. ಪ್ಲಾಟ್‌ಫಾರ್ಮಿನ ಹಳದಿ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಬೌರಿಂಗ್ ಸಾಹೇಬ ಎಲ್ಲೂ ಕಾಣಲಿಲ್ಲ. ಹೊರಗೆ ಪಾನಿಪುರಿ ಗಾಡಿ. ಇಲ್ಲಿನ ಬಿಳಿ ಪಾನಿ ಬೆಂಗಳೂರಿನಲ್ಲೂ ಹೆಸರುವಾಸಿ ತಾನೆ? ತಟ್ಟೆಗೆ ಕೈ ಚಾಚಿದೆ. ಗಾಡಿಯವನು ನನ್ನ ಪ್ಯಾಂಟಿಗೆ ಮೆತ್ತಿದ್ದ ಬೂದು ಧೂಳು ನೋಡಿ ಕೈ ಹಿಂದೆ ಎಳೆದುಕೊಂಡ.

"ಸೈನೈಡ್ ದಿಬ್ಬಕ್ಕೆ ಹೋಗಿದ್ರಾ ಸಾರ್? ಮೊದ್ಲು ಕೈ ತೊಳ್ಕೊಳ್ಳಿ!"

ಮೂರನೇ ಸಲ ತೊಳೆದೆ. ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಇತ್ತು.