ಮಕ್ಕಳಿಗೊಂದು ರಾಷ್ಟ್ರಪತಿ ಚರಿತ್ರೆ

ಕಳೆದ ಶ್ರಾವಣ ಮಾಸದಲ್ಲಿ ನಮ್ಮ ಮನಗೂಳಿಯ ನಾಲ್ವರು ಹಿರಿಯರು ಮನೆಗೆ ದಯಮಾಡಿಸಿ ನನಗೊಂದು ಕಾರ್ಯವನ್ನು ವಹಿಸಿದರು. ಲಿಂಗೈಕ್ಯ ಬಿ. ಡಿ. ಜತ್ತಿಯವರ ಜೀವನಚರಿತ್ರೆಯನ್ನು ಮಕ್ಕಳು ಓದುವಂತೆ ಸಣ್ಣ ಪುಸ್ತಿಕೆಯಾಗಿ ಬರೆದುಕೊಡಬೇಕೆಂಬುದು ಅವರ ಅಪೇಕ್ಷೆ. ಬಾಲ್ಯದಿಂದ ಮಠದ ಅನ್ನ, ಮಠದ ವಿದ್ಯೆಗಳಿಂದ ಬೆಳೆದು, ಪುರಾಣ ಪ್ರವಚನಗಳಲ್ಲಿಯೇ ತಲೆ ನರೆತ ನನಗೆ ಇದೇನು ದೊಡ್ಡ ಕೆಲಸವೆಂದು ಒಪ್ಪಿಕೊಂಡೆನು. ಆ ಭಾವನೆ ಎಷ್ಟು ಹಗುರವಾದುದೆಂಬುದನ್ನು ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ತೋರಿಸಿಕೊಟ್ಟಳು. ಆ ಸಂಗತಿಯನ್ನೇ ಶರಣ ಬಂಧುಗಳಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಜತ್ತಿಯವರು ನಮ್ಮ ನೆಲದವರು. ಅಂದಿನ ಜಮಖಂಡಿ ಸಂಸ್ಥಾನದ ಸಾವಳಗಿಯಲ್ಲಿ 1912ರ ಸೆಪ್ಟೆಂಬರ್ 10ರಂದು ಜನಿಸಿದರು. ಸಂಸ್ಥಾನ ವಿಲೀನವಾದ ಮೇಲೆ ಆ ಸೀಮೆ ನಮ್ಮ ವಿಜಾಪುರ ಜಿಲ್ಲೆಗೇ ಸೇರಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯ ಪಾಲಾಯಿತು. ಅವರು ಕೊಲ್ಲಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಆರಂಭಿಸಿ, 1940ರಲ್ಲಿ ಅಲ್ಲಿಯ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಮುಂದೆ ಸಂಸ್ಥಾನದ ದಿವಾನಗಿರಿ, ಮುಂಬಯಿ ಸರಕಾರದಲ್ಲಿ ಉಪಮಂತ್ರಿ ಪದವಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ ಪದವಿ. 1964ರಲ್ಲಿ ಬಸವ ಸಮಿತಿಯ ಸ್ಥಾಪನೆ. ಬಳಿಕ ಪಾಂಡಿಚೇರಿಯ ಉಪರಾಜ್ಯಪಾಲರು, ಒಡಿಶಾದ ರಾಜ್ಯಪಾಲರು, 1974ರಲ್ಲಿ ಉಪರಾಷ್ಟ್ರಪತಿಗಳು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾಗಲು ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಅದೇ ವರ್ಷದ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಅಧಿಕಾರ ಬಿಟ್ಟುಕೊಟ್ಟರು.

ಇಷ್ಟನ್ನು ಉಚಿತ ವಿಶೇಷಣಗಳೊಡನೆ ಬರೆದು ಮೊಮ್ಮಗಳ ಕೈಗಿತ್ತೆನು. ಅವಳು ಪಡಸಾಲೆಯಲ್ಲಿ ಕುಳಿತು ಪೂರ್ತಿ ಓದಿ, ಕೇಳಿದಳು: "ಮುತ್ಯಾ, ಫೆಬ್ರುವರಿಯೊಳಗ ಕುರ್ಚಿ ಮ್ಯಾಲ ಕುಂತ್ರು, ಜುಲೈದಾಗ ಎದ್ರು ಅಂತ ಬರದೀ. ನಡುವ ಏನ್ ಮಾಡಿದ್ರು?"

ನಾನು ಕನ್ನಡಕ ಒರೆಸಿಕೊಳ್ಳುತ್ತ ಸುಮ್ಮನಾದೆನು. ಆ ನಡುವಿನ ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಬಿಟ್ಟಿದ್ದೆನು.

1977ರಲ್ಲಿ ನಾನು ಮಠದಲ್ಲಿ ಓದುತ್ತಿದ್ದ ಹುಡುಗ. ಮಾರ್ಚ್ ತಿಂಗಳ ಚುನಾವಣೆಯಲ್ಲಿ ದೆಹಲಿಯ ಸರಕಾರ ಬದಲಾಯಿತು. ಮಾರ್ಚ್ 21ರಂದು ಆಂತರಿಕ ತುರ್ತು ಪರಿಸ್ಥಿತಿ ರದ್ದಾಯಿತು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಜತ್ತಿಯವರೇ ಪ್ರಮಾಣವಚನ ಬೋಧಿಸಿದರು. ನಮ್ಮ ಸೀಮೆಯವರ ಹೆಸರು ಬಾನುಲಿಯಲ್ಲಿ ಕೇಳಿಬಂದಾಗಲೆಲ್ಲ ಮಠದ ಕಟ್ಟೆಯ ಮೇಲಿನ ಹಿರಿಯರು ಮೀಸೆ ತಿರುವುತ್ತಿದ್ದರು. ಏಪ್ರಿಲ್ ಕೊನೆಗೆ ಅದೇ ಕಟ್ಟೆಯ ಮೇಲೆ ಜಗಳವಾಯಿತು.

ಹೊಸ ಸರಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತ್ತು. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರೂ ಏಪ್ರಿಲ್ 29ರಂದು ನ್ಯಾಯಾಲಯವು ಅವರ ದಾವೆಗಳನ್ನು ತಳ್ಳಿಹಾಕಿತು. ಮಂತ್ರಿಮಂಡಲದ ಸಲಹೆ ಮುಂದೆ ಬಂದಾಗ ಜತ್ತಿಯವರು ಒಡನೆಯೇ ಅಂಕಿತ ಹಾಕಲಿಲ್ಲ. ಮರುದಿನ, 30ರಂದು ಹಾಕಿದರು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿಗಳು ನಡೆಯಬೇಕೆಂದು 1976ರ 42ನೆಯ ತಿದ್ದುಪಡಿ ಸ್ಪಷ್ಟಪಡಿಸಿತ್ತು. ಆದುದರಿಂದ ಹಂಗಾಮಿಯಾಗಿದ್ದವರು ತಡೆದುದು ತಪ್ಪೆಂದು ಕೆಲವರು. ಜನರು ಆರಿಸಿದ ಒಂಬತ್ತು ಸಭೆಗಳನ್ನು ಮುಗಿಸುವ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಕಿತ್ತೇ ಎಂದು ಕೆಲವರು. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವವರು ಅಂದು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಈ ಕಥೆಯನ್ನು ಮಕ್ಕಳಿಗೇಕೆ ಹೇಳಬೇಕು, ನಮ್ಮವರ ಹೆಸರಿಗೆ ಕಲೆಯೇಕೆ ಎಂದೇ ಬಿಟ್ಟಿದ್ದೆನು. ಮೊಮ್ಮಗಳ ಪ್ರಶ್ನೆಯ ಬಳಿಕ ನನಗೆ ಜಾರ್ಜ್ ವಾಷಿಂಗ್ಟನ್ನನ ಕಥೆ ನೆನಪಾಯಿತು. ಬಾಲಕ ವಾಷಿಂಗ್ಟನ್ ಕೊಡಲಿಯಿಂದ ತಂದೆಯ ಚೆರ್ರಿ ಗಿಡವನ್ನು ಕಡಿದು, ಸುಳ್ಳಾಡದೆ ಒಪ್ಪಿಕೊಂಡನೆಂದು ನಾವೆಲ್ಲ ಕೇಳಿದ್ದೇವೆ. ಅದನ್ನು ಮೇಸನ್ ವೀಮ್ಸ್ ಎಂಬ ಪಾದ್ರಿಯು ತಾನು ಬರೆದ ಚರಿತ್ರೆಯ 1806ರ ಆವೃತ್ತಿಯಲ್ಲಿ ಸೇರಿಸಿದನು. ಅದಕ್ಕೆ ಯಾವ ಆಧಾರವೂ ದೊರೆತಿಲ್ಲ. ಮಕ್ಕಳಿಗೆ ಸತ್ಯವನ್ನು ಕಲಿಸಲು ಹೇಳಿದ ಕಥೆಯೇ ಕಟ್ಟುಕಥೆ! ನಾನು ಸುಳ್ಳು ಬರೆದಿರಲಿಲ್ಲ ನಿಜ. ಆದರೆ ಇದ್ದುದನ್ನು ಮುಚ್ಚಿಟ್ಟಿದ್ದೆನು. ಓದುವ ಮಗುವಿನ ಪಾಲಿಗೆ ಎರಡರ ಫಲವೂ ಒಂದೇ.

ಅಂದು ರಾತ್ರಿ ಅವಳಿಗೆ ಎಲ್ಲವನ್ನೂ ಹೇಳಿದೆನು. 1978ರ 44ನೆಯ ತಿದ್ದುಪಡಿಯು ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತೆಂಬುದನ್ನೂ ತಿಳಿಸಿದೆನು. "ಹಂಗಾರ ಅವ್ರು ಮಾಡಿದ್ದು ಸರಿನೋ, ತಪ್ಪೋ?" ಎಂದಳು. ಕಾನೂನಿನಂತೆ ಅಂಕಿತ ಹಾಕಲೇಬೇಕಿತ್ತು, ಹಾಕಿದರು. ಹಾಕುವ ಮುನ್ನ ಒಂದು ರಾತ್ರಿ ತಡೆದದ್ದನ್ನು ನಾನು ತಪ್ಪೆನ್ನಲಾರೆ, ನೀನು ದೊಡ್ಡವಳಾಗಿ ನಿನ್ನ ತೀರ್ಮಾನ ಮಾಡು ಎಂದೆನು. ಪುಸ್ತಿಕೆಯಲ್ಲಿಯೂ ಎರಡೂ ಪಕ್ಷಗಳನ್ನು ಬರೆದು ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟೆನು.

ಹಸ್ತಪ್ರತಿಯನ್ನು ಕಂಡು ಹಿರಿಯರೊಬ್ಬರು, "ಹುಡುಗರ ಪುಸ್ತಕದಾಗ ಇದು ಬ್ಯಾಡ್ರಿ, ತಗೀರಿ" ಎಂದರು. ಇದನ್ನು ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಕೈಮುಗಿದೆನು. ಅವರಿಗೆ ಬೇಸರವಾಯಿತು, ನನಗೂ ಆಯಿತು. ಹದಿನೈದು ದಿನಗಳ ಮೇಲೆ ಅವರೇ ಬಂದು, ಇರಲಿ ಎಂದರು.

ಇನ್ನೊಂದು ಮಾತು. 'ಹಂಗಾಮಿ' ಎಂಬ ಪದವನ್ನು ಬಿಟ್ಟು 'ರಾಷ್ಟ್ರಪತಿ' ಎಂದಷ್ಟೇ ಬರೆಯಿರೆಂಬ ಸೂಚನೆಯೂ ಬಂದಿತ್ತು. ಅದನ್ನೂ ಉಳಿಸಿಕೊಂಡೆನು. ಬಸವಣ್ಣನವರ ಬಾಗೇವಾಡಿಯ ಮಗ್ಗುಲಲ್ಲಿ ಬಾಳುವ ನಾವು ಆ ಪದಕ್ಕೆ ನಾಚಬೇಕೆ? ಕಲ್ಯಾಣದ ಭಂಡಾರಿಯ ಪದವಿಯನ್ನು ಬಿಟ್ಟು ನಡೆದ ಅಣ್ಣನಿಗೆ ಎಲ್ಲ ಪದವಿಗಳೂ ಹಂಗಾಮಿಯೇ ಆಗಿದ್ದವು. ಕುಳಿತಷ್ಟು ಕಾಲ ಕಾಯಕವನ್ನು ಹೇಗೆ ಮಾಡಿದರೆಂಬುದನ್ನು ಮಕ್ಕಳು ಕೇಳಲಿ. ಕೇಳಿದಾಗ ಮುಚ್ಚದೆ ಹೇಳುವ ಧೈರ್ಯವನ್ನು ಹಿರಿಯರಾದ ನಮಗೆ ಆ ಕೂಡಲಸಂಗಮನಾಥನು ಕರುಣಿಸಲಿ. ಶರಣು ಶರಣಾರ್ಥಿ.