ಕುಸುಬಿ ಎಣ್ಣೆಯ ನಾಲ್ಕು ಹನಿ

ಅಕ್ಕಲಕೋಟೆ ತಾಲ್ಲೂಕಿನ ಎರೆಭೂಮಿಯ ಹಳ್ಳಿಯೊಂದರಿಂದ ಪುಣೆಗೆ ಓದಲು ಹೋದ ಹುಡುಗಿ ಅಲ್ಲಿ ಮೊದಲು ಕೈಬಿಟ್ಟದ್ದು ಮುಖಕ್ಕೆ ಎಣ್ಣೆ ಹಚ್ಚುವ ರೂಢಿಯನ್ನು. ಊರಲ್ಲಿ ಚಳಿಗಾಲ ಬಂತೆಂದರೆ ಆಯಿ, ಸ್ನಾನ ಮಾಡಿ ಬಂದ ಮೊಮ್ಮಗಳ ಹಸಿ ಮುಖಕ್ಕೆ ನಾಲ್ಕು ಹನಿ ಕುಸುಬಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿಕೊಂಡು ಒತ್ತುತ್ತಿದ್ದಳು. ತಿಕ್ಕುತ್ತಿರಲಿಲ್ಲ, ಮೆಲ್ಲಗೆ ಒತ್ತುತ್ತಿದ್ದಳು. ಪುಣೆಯ ವಸತಿಗೃಹದಲ್ಲಿ ಆ ಮಿರುಗುವ ಮುಖವನ್ನು ಕಂಡು ಕೋಣೆಯವರು ನಕ್ಕರು. ಕುಸುಬಿಗೆ ಮರಾಠಿಯಲ್ಲಿ 'ಕರಡಿ' ಎನ್ನುತ್ತಾರೆಂದು ತಿಳಿದಾಗ, ಕಾಡುಪ್ರಾಣಿಯ ಎಣ್ಣೆಯೇ ಎಂದು ಚಿಕ್ಕಂದಿನಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದವಳು ಇದೇ ಹುಡುಗಿ. ಈಗ ನಗುವ ಸರದಿ ಬೇರೆಯವರದಾಗಿತ್ತು.

ಆಮೇಲೆ ದಿನಕ್ಕೆ ಮೂರು ಸಲ ನೊರೆಯ ಸಾಬೂನು. ಚರ್ಮ ಬಿಗಿದು ಉರಿಯತೊಡಗಿದಾಗ ಗೆಳತಿಯೊಬ್ಬಳ ಮಾತು ಕೇಳಿ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದಳು. ಗೆಳತಿಗೆ ಒಗ್ಗಿದ್ದು ಇವಳಿಗೆ ಒಗ್ಗಲಿಲ್ಲ. ಕೆಲವೇ ವಾರಗಳಲ್ಲಿ ಹಣೆ, ಗಲ್ಲ ಮೊಡವೆಗಳಿಂದ ತುಂಬಿದವು. ಆ ವರ್ಷದ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೋದಾಗ, ಪರೀಕ್ಷೆಯಿದೆಯೆಂದು ಸುಳ್ಳು ಹೇಳಿ ಅವಳು ಪುಣೆಯಲ್ಲೇ ಉಳಿದಳು. ಮುಖ ತೋರಿಸಲು ನಾಚಿಕೆಯಾಗಿತ್ತು.

ಚರ್ಮದ ವೈದ್ಯೆ ಮೊಡವೆಗೆ ಔಷಧಿ ಕೊಟ್ಟು, ಎಣ್ಣೆಯ ವಿಷಯವನ್ನೂ ಬಿಡಿಸಿ ಹೇಳಿದರು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಇರುವ ನೀರು ಆರಿಹೋಗದಂತೆ ತಡೆಯುತ್ತದೆ. ಆದ್ದರಿಂದಲೇ ಅದನ್ನು ಹಚ್ಚಬೇಕಾದದ್ದು ಹಸಿ ಮುಖದ ಮೇಲೆ. ಎಲ್ಲ ಎಣ್ಣೆಗಳ ಗುಣವೂ ಒಂದೇ ಅಲ್ಲ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಮೊಡವೆಯ ಸ್ವಭಾವದ ಮುಖದಲ್ಲಿ ಆ ಎಣ್ಣೆ ರಂಧ್ರಗಳನ್ನು ಮುಚ್ಚಿಬಿಡಬಹುದು. ಲಿನೋಲಿಕ್ ಆಮ್ಲ ಹೆಚ್ಚಿರುವ ತೆಳು ಎಣ್ಣೆ ಅಂಥ ಚರ್ಮಕ್ಕೆ ಹಗುರ. ಅದನ್ನೂ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಕೆಲವು ದಿನ ನೋಡಬೇಕು. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಬೇರೆಯೇ ಬೇಕು. ಮೊಡವೆಯನ್ನು ಇಳಿಸುವುದು ಔಷಧಿಯ ಕೆಲಸ. ಔಷಧಿಯಿಂದ ಒಣಗಿ ಸಿಪ್ಪೆಯೇಳುವ ಚರ್ಮವನ್ನು ಸಂತೈಸುವುದಷ್ಟೇ ಎಣ್ಣೆಯದು.

ಅಂಗಡಿಯಲ್ಲಿ ಹನಿ ಬಿಡುವ ಕೊಳವೆಯಿದ್ದ 30 ಮಿಲಿಲೀಟರಿನ ಕಂದು ಸೀಸೆಯೊಂದನ್ನು ಐನೂರು ರೂಪಾಯಿಗೆ ಕೊಂಡಳು. ಅದರ ಮೇಲೆ 'ಕಾರ್ಥಮಸ್ ಟಿಂಕ್ಟೋರಿಯಸ್' ಎಂದಿತ್ತು. ಮೊಬೈಲಿನಲ್ಲಿ ಹುಡುಕಿದಾಗ ಮುಳ್ಳಿನ ನಡುವೆ ಕೇಸರಿ ಹೂವೊಂದು ಮೂಡಿತು. ದನ ನುಗ್ಗದಂತೆ ಜೋಳದ ಹೊಲದ ಸುತ್ತ ಅಜ್ಜ ಸಾಲು ಬಿತ್ತುತ್ತಿದ್ದ ಕುಸುಬಿಯೇ ಅದು. ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಲಿನೋಲಿಕ್ ಆಮ್ಲವಿರುತ್ತದೆಂದೂ ಆಗಲೇ ತಿಳಿಯಿತು. ಹಾಸಿಗೆಯ ಮೇಲೆ ಕುಳಿತು ಅವಳು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದಳು.

ಮುಂದಿನ ಚಳಿಗಾಲದಲ್ಲಿ ಸೀಸೆಯೊಡನೆ ಊರಿಗೆ ಬಂದಳು. ಆಯಿಯ ಗಲ್ಲ ಬಿರುಕು ಬಿಟ್ಟಿತ್ತು. ಅಡುಗೆಗೆ ಪೇಟೆಯ ಪಾಕೀಟಿನ ಎಣ್ಣೆ ಬಂದು, ಊರ ಗಾಣ ನಿಂತು ವರ್ಷಗಳಾಗಿದ್ದವು. ಮಾಡದಲ್ಲಿದ್ದ ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ಕುಸುಬಿ ಎಣ್ಣೆ ಅಂಟಾಗಿ ಕಮಟು ವಾಸನೆ ಹಿಡಿದಿತ್ತು. ಗಾಳಿ, ಬೆಳಕು ತಾಗಿದರೆ ಈ ಎಣ್ಣೆ ಬೇಗ ಕೆಡುತ್ತದೆ. ಕೆಟ್ಟದ್ದನ್ನು ಹಚ್ಚಿದರೆ ಚರ್ಮ ಕೆರಳುತ್ತದೆ. ಆಯಿ ಅದನ್ನೇ ಹಚ್ಚಿಕೊಳ್ಳುತ್ತಿದ್ದಳು. ಹುಡುಗಿ ಡಬ್ಬಿಯನ್ನು ತೆಗೆದಿಟ್ಟು, ಮುಖ ತೊಳೆದು ಬಂದ ಆಯಿಯ ಗಲ್ಲಕ್ಕೆ ತನ್ನ ಸೀಸೆಯ ನಾಲ್ಕು ಹನಿಯನ್ನು ಒತ್ತಿದಳು.

"ಇದಕ್ಕ ಎಷ್ಟ ಕೊಟ್ಟಿ ಯವ್ವಾ?"

ಬೆಲೆ ಕೇಳಿ ಆಯಿ ಸುಮ್ಮನಾದಳು. ಕೊಳವೆಬಾವಿಯ ನೀರು ಬಂದ ಮೇಲೆ ಹೊಲದ ಬಹುಪಾಲು ಕಬ್ಬಾಗಿತ್ತು. ಜೋಳಕ್ಕೆ ಉಳಿದದ್ದು ಒಂದೇ ಎಕರೆ. ಬರುವ ಹಿಂಗಾರಿಗೆ ಅದರ ಅಂಚಿನಲ್ಲಿ ನಾಲ್ಕು ಸಾಲು ಕುಸುಬಿ ಬಿತ್ತಬಾರದೇ ಎಂದು ಹುಡುಗಿ ಅಪ್ಪನನ್ನು ಕೇಳಿದಳು. ಅಪ್ಪ ಉತ್ತರಿಸುವ ಮೊದಲೇ ಆಯಿ ತನ್ನೆರಡೂ ಅಂಗೈಗಳನ್ನು ಬಿಡಿಸಿ ಹಿಡಿದಳು. ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಹೋಗಿ, ಬಟ್ಟೆ ಸುತ್ತಿಕೊಂಡು ಕೊಯ್ದರೂ ಉಳಿದ ಗೀರುಗಳು ಅಲ್ಲಿದ್ದವು.

"ಬಿತ್ತೋದೇನ ಬಿತ್ತಬಹುದವ್ವಾ. ಕೊಯ್ಯಾಕ ನೀ ಬರ್ತೀಯೇನ?"